ಮೊದಲು ಅಳುವವಳು

ಕಣ್ಣೀರು ಅಂಟುರೋಗ ಅನ್ನುವುದು ನಾಟಕದವರಿಗೆ ಗೊತ್ತಿರುವಷ್ಟು ಡಾಕ್ಟರುಗಳಿಗೂ ಗೊತ್ತಿಲ್ಲ. ಇಡೀ ಸಭಾಂಗಣ ಗಂಟಲು ಬಿಗಿಹಿಡಿದು ಕೂತಿರುತ್ತದೆ. ಅಳಬೇಕು ಅನ್ನಿಸುತ್ತದೆ, ಆದರೆ ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚ. ಆಗ ಯಾರೋ ಒಬ್ಬರು ಸೊರ್ ಎಂದು ಮೂಗೆಳೆದರೆ ಮುಗಿಯಿತು, ಕಟ್ಟೆ ಒಡೆದ ಹಾಗೆ ಎಲ್ಲರೂ ಶುರು. ಆ ಮೊದಲ ಮೂಗೆಳೆತಕ್ಕೆ ಒಬ್ಬರು ಬೇಕು. ಈ ತಂಡದಲ್ಲಿ ಆ ಕೆಲಸ ಅತ್ತಿಗೆಯದಾಗಿತ್ತು.

ಅತ್ತಿಗೆ ಎಂದರೆ ತಂಡದ ಹಿರಿಯ ನಟನ ಹೆಂಡತಿ. ನಟನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದುದರಿಂದ ಇವಳು ತಾನಾಗಿ ಎಲ್ಲರಿಗೂ ಅತ್ತಿಗೆಯಾದಳು. ಬೆನ್ನ ಹಿಂದೆ ಅವನ ಹೆಸರು ನಲ್ಲಿಯಣ್ಣ. ತಿರುಗಿಸಿದರೆ ನೀರು, ಮತ್ತೆ ತಿರುಗಿಸಿದರೆ ಬಂದ್. ಎಡಗಣ್ಣಿಂದ ಬೇಕೋ ಬಲಗಣ್ಣಿಂದ ಬೇಕೋ ಎಂದು ಕೇಳಿಕೊಂಡು ಅಳುತ್ತಾನೆ ಎಂದು ತಂಡದವರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ತಮಾಷೆಯೂ ಆಗಿರಲಿಲ್ಲ. ಹಗಲಿಡೀ ಅತ್ತಿಗೆ ರಂಗದ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ವೇಷಗಳನ್ನು ಹೊಲಿಯುತ್ತಿದ್ದಳು, ಸಂಜೆ ಆಟ ಶುರುವಾದರೆ ಕರವಸ್ತ್ರ ಹಿಡಿದು ಮಧ್ಯದ ಸಾಲಿನಲ್ಲಿ ಹೋಗಿ ಕೂರುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಅವಳ ಅಳು ನಿಜವಾದದ್ದೇ. ಸತ್ತ ರಾಣಿಯ ತಲೆಯನ್ನು ಗಂಡ ತೊಡೆಯ ಮೇಲಿಟ್ಟುಕೊಂಡು ಗೋಳಾಡಿದರೆ ಇವಳು ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಆಗಿನ ಮಾಲೀಕ ಘಾಟಿ ಮನುಷ್ಯ. ಪಕ್ಕದ ಪರದೆಯ ಸಂದಿಯಿಂದ ಜನರ ಮುಖ ನೋಡುತ್ತಾ ನಿಂತವನಿಗೆ, ಇವಳ ಸುತ್ತ ಕೂತವರೇ ಮೊದಲು ಅಳುವುದು ಕಣ್ಣಿಗೆ ಬಿತ್ತು. ಒಂದು ದಿನ ಹೊಲಿಗೆ ಕೋಣೆಗೆ ಬಂದು, "ಅತ್ತಿಗೆ, ಇನ್ಮೇಲೆ ಮೂಲೇಲಿ ಕೂತ್ಕೋಬೇಡಿ, ಮಧ್ಯದ ಸಾಲಿಗೆ ಬನ್ನಿ. ನೀವೊಬ್ರು ಅತ್ರೆ ನಾಟಕ ಅರ್ಧ ಗೆದ್ದ ಹಾಗೆ. ಅಣ್ಣಂಗೆ ಮಾತ್ರ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ" ಅಂದ. ಅವಳು ಹೇಳಲಿಲ್ಲ. ಬರುಬರುತ್ತಾ ಯಾವ ಮಾತಿಗೆ ಕರವಸ್ತ್ರ ತೆಗೆಯಬೇಕು, ಯಾವ ಮಾತಿಗೆ ಬಿಕ್ಕಬೇಕು ಎಂಬುದು ಅವಳಿಗೂ ಬಾಯಿಪಾಠವಾಯಿತು. ಮಾಲೀಕ ತೀರಿಕೊಂಡ, ತಂಡ ಕೈ ಬದಲಾಯಿತು, ಅವಳು ಮಾತ್ರ ಅಳುತ್ತಲೇ ಇದ್ದಳು. ಆಟ ಮುಗಿದ ಮೇಲೆ ಗಂಡ ಕನ್ನಡಿಯ ಮುಂದೆ ಬಣ್ಣ ಒರೆಸುತ್ತಾ, "ಇವತ್ತೂ ಅಳಿಸಿಬಿಟ್ಟೆ ನೋಡು" ಎನ್ನುತ್ತಿದ್ದ. ಇವಳು ಹೂಂ ಎನ್ನುತ್ತಿದ್ದಳು.

ಇಷ್ಟೆಲ್ಲ ಯಾಕೆ ಮಾಡಿದಳು ಎಂದು ಕೇಳಿದರೆ, ಒಂದೇ ಒಂದು ಮಾತಿಗಾಗಿ. ಮದುವೆಯಾದ ವರ್ಷ ಅವಳು ಕೇಳಿದ್ದಳು, "ಅಷ್ಟು ಬೇಗ ಹೇಗ್ರೀ ಕಣ್ಣೀರು ಬರುತ್ತೆ ನಿಮಗೆ?" ಅವನು ತಲೆ ಬಾಚಿಕೊಳ್ಳುತ್ತಾ, "ನೀನು ಸತ್ತುಹೋಗಿದೀಯ ಅಂದ್ಕೋತೀನಿ. ತಾನಾಗಿ ಬರುತ್ತೆ" ಅಂದಿದ್ದ. ಬೇರೆ ಹೆಂಗಸಾಗಿದ್ದರೆ ಬಿಡ್ತು ಅನ್ನಿ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇವಳು ಆ ಮಾತನ್ನು ಎತ್ತಿ ಎದೆಯಲ್ಲಿಟ್ಟುಕೊಂಡಳು. ಊರೆಲ್ಲ ರಾಣಿಗಾಗಿ ಅಳುತ್ತಿದ್ದರೆ, ಅವನು ಅಳುತ್ತಿರುವುದು ನನಗಾಗಿ ಎಂದು ಇವಳಿಗೊಬ್ಬಳಿಗೇ ಗೊತ್ತು. ಆ ಗುಟ್ಟಿನ ಮೇಲೆ ಒಂದು ಸಂಸಾರ ನಡೆದುಹೋಯಿತು.

ಇಲ್ಲದಿದ್ದರೆ ನಡೆಯಲು ಬೇರೆ ಆಧಾರವೇನೂ ಇರಲಿಲ್ಲ. ಮನೆಗೆ ಬಂದರೆ ಅವನ ಬಾಯಿಗೆ ಬೀಗ. ಇವಳಿಗೆ ಜ್ವರ ಬಂದರೆ ಊಟ ಹೊರಗಿನಿಂದ ತರಲೇ ಎಂದು ಕೇಳುತ್ತಿದ್ದ, ತನ್ನೊಬ್ಬನಿಗೆ ತರುತ್ತಿದ್ದ. ಒಂದೇ ಒಂದು ಸಲ ಬಸುರಾಗಿದ್ದಳು. ಮಗು ಹೊಟ್ಟೆಯಲ್ಲೇ ಹೋದ ದಿನ ಅವನು ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಆಟಕ್ಕೆ ಹೋದ. ಬೆಳಿಗ್ಗೆ ಬಂದು ಮಂಚದ ಅಂಚಿನಲ್ಲಿ ಕೂತು, "ಜನ ಬಿಕ್ಕಿ ಬಿಕ್ಕಿ ಅತ್ತರು ಗೊತ್ತಾ. ನಿನ್ನನ್ನೇ ನೆನೆಸ್ಕೊಂಡೆ" ಅಂದ. ಮಧ್ಯದ ಸಾಲಿನ ತನ್ನ ಜಾಗ ಖಾಲಿಯಿದ್ದರೂ ಜನ ಅತ್ತರೇ ಎಂಬ ಪ್ರಶ್ನೆ ಅವಳಿಗೆ ಹೊಳೆಯಲೇ ಇಲ್ಲ. ನನ್ನನ್ನು ನೆನೆಸಿಕೊಂಡರಲ್ಲ ಎಂದು ಆ ಹಾಸಿಗೆಯಲ್ಲೂ ಅವಳಿಗೆ ಸಮಾಧಾನವಾಯಿತು. ಕೆಲವರ ಸಮಾಧಾನ ನೋಡಿದರೆ ಮೈ ಉರಿಯುತ್ತದೆ.

ಹೀಗಿರುವಾಗ ತಂಡಕ್ಕೆ ಹೊಸ ನಿರ್ದೇಶಕ ಬಂದ. ಎಲ್ಲೆಲ್ಲೋ ಕಲಿತು ಬಂದವನು, ಗಡ್ಡ ಕೆರೆದುಕೊಳ್ಳುತ್ತಾ ನಿಧಾನವಾಗಿ ಮಾತಾಡುವವನು. ಹಿಂದೆ ಕಾಗದದ ಗೋದಾಮಾಗಿದ್ದ ಉದ್ದನೆಯ ಹಾಲಿನಲ್ಲಿ ತಾಲೀಮು. ನಾಟಕ ಎಲ್ಲಿ ಎಂದು ಕೇಳಿದರೆ, "ನಾವು ನಾಟಕ ಬರೆಯಲ್ಲ, ಹುಡುಕ್ತೀವಿ" ಅಂದ. ಅದು ಕಳೆದುಹೋದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ. ನಟರು ನೆಲದ ಮೇಲೆ ಉರುಳಾಡಿದರು, ಕುರ್ಚಿಗಳಾದರು, ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಕೊಟ್ಟು ಬಾಲ್ಯದ ಭಯಗಳನ್ನು ಹೇಳಿಕೊಂಡರು. ಅವನ ಜೊತೆ ವೈರು, ಲ್ಯಾಪ್‌ಟಾಪು, ಪೆಟ್ಟಿಗೆಗಳನ್ನು ಹೊತ್ತು ಒಬ್ಬಳು ಬಂದಿದ್ದಳು. ತಂಡದವರು ಅವಳನ್ನು ಇಂಜಿನಿಯರಮ್ಮ ಎಂದು ಕರೆದರು. ಮೊದಲು ಮಾತಾಡುವ ಗೋಡೆ ಮಾಡಿದರು, ಅದು ಮಾತಿನ ಬದಲು ವಾರವಿಡೀ ಕೆಮ್ಮಿತು. ಆಮೇಲೆ ನೆರಳನ್ನು ಹಿಂಬಾಲಿಸುವ ಕ್ಯಾಮೆರಾ ತಂದರು, ಅದು ನಟರನ್ನು ಬಿಟ್ಟು ಬೆಕ್ಕನ್ನು ಹಿಂಬಾಲಿಸಿತು. ಕೊನೆಗೆ ಸಿಕ್ಕಿದ್ದು ಎದೆಯ ದೀಪ.

ಹೊಸ ನಾಟಕದಲ್ಲಿ ಒಬ್ಬ ಮುದುಕ ಸತ್ತ ಹೆಂಡತಿಯ ಪಕ್ಕ ಕೂತಿರುತ್ತಾನೆ, ಅಷ್ಟೇ. ರಂಗದ ಮೇಲೆ ಬೇರೆ ಬೆಳಕಿಲ್ಲ. ಮುದುಕನ ಎದೆಗೆ ಒಂದು ಪಟ್ಟಿ, ಬೆರಳಿಗೆ ಉಂಗುರದಂಥದ್ದೊಂದು. ಪಟ್ಟಿ ಎದೆಬಡಿತ ಓದುತ್ತದೆ, ಉಂಗುರ ಬೆವರು ಓದುತ್ತದೆ, ಅವು ಏರಿದಷ್ಟು ದೀಪಗಳ ಬೆಳಕು ಏರುತ್ತದೆ. ಕೂಗಿದ್ದಕ್ಕೆ, ಎದ್ದು ಕೂತದ್ದಕ್ಕೆ ಬಡಿತ ಹೆಚ್ಚಾದರೆ ಯಂತ್ರ ಅದನ್ನು ಬಿಟ್ಟುಬಿಡುತ್ತದೆ, ಒಳಗಿನಿಂದ ಬಂದದ್ದನ್ನು ಮಾತ್ರ ಹಿಡಿಯುತ್ತದೆ ಎಂದು ಇಂಜಿನಿಯರಮ್ಮ ವಿವರಿಸಿದಳು. ಮುದುಕನ ಪಾತ್ರ ನಲ್ಲಿಯಣ್ಣನಿಗೇ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಇತ್ತೀಚೆಗೆ ಮಾತು ಮರೆಯುತ್ತಿದ್ದುದರಿಂದ ಅವನ ಕಿವಿಯೊಳಗೆ ಕಡಲೆಕಾಳಿನಷ್ಟು ಸ್ಪೀಕರು ಇಟ್ಟರು, ಮರೆತರೆ ಪರದೆಯ ಹಿಂದಿನಿಂದ ಎತ್ತಿಕೊಡಬಹುದು. ಇದೇ ತನ್ನ ಕೊನೆಯ ದೊಡ್ಡ ಪಾತ್ರ ಎಂದು ಅವನಿಗೆ ಗೊತ್ತಿತ್ತು.

ಮೊದಲ ತಾಲೀಮಿನಲ್ಲಿ ನಲ್ಲಿಯಣ್ಣ ಅತ್ತ ಅಳುವಿಗೆ ಕಲ್ಲೂ ಕರಗಬೇಕು. ದೀಪ ಮಾತ್ರ ಮಿಸುಕಲಿಲ್ಲ. ಕರೆಂಟು ಕಮ್ಮಿಯಾದಾಗಿನ ಬಲ್ಬಿನ ಹಾಗೆ ಕೆಂಪಗೆ ಕೂತಿತು. ನಿರ್ದೇಶಕ ಹತ್ತಿರ ಹೋಗಿ, "ಅಣ್ಣ, ಅಳೋವಾಗ ಮನಸ್ಸಲ್ಲಿ ಏನಿಟ್ಕೋತೀರಿ?" ಎಂದು ಕೇಳಿದ. "ಹೆಂಡತಿ ಸತ್ತುಹೋದ್ಲು ಅಂದ್ಕೋತೀನಿ" ಎಂದು ಅವನು ಎಲ್ಲರ ಮುಂದೆ ಹೇಳಿದ. ಹೊಲಿದ ಅಂಗಿಯನ್ನು ಅಳತೆ ನೋಡಲು ತಂದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ನಟಿಯರು ತಿರುಗಿ ಅವಳನ್ನು ನೋಡಿದರು. ಅವಳಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆಯಿತು. ಅಂದ್ಕೊಂಡ್ರೆ ಸಾಲದು, ನಿಜ ಬೇಕು ಎಂದು ನಿರ್ದೇಶಕ ಗಡ್ಡ ಕೆರೆದುಕೊಂಡ.

ಸಂಜೆ ಅವನು ಹೊಲಿಗೆ ಕೋಣೆಗೆ ಬಂದ. "ಅತ್ತಿಗೆ, ನಾಳೆ ಒಂದು ಪ್ರಯೋಗ ಮಾಡೋಣ ಅಂತಿದೀವಿ. ನೀವು ಹಿಂದಿನ ಸಾಲಲ್ಲಿ ಕತ್ತಲೇಲಿ ಸುಮ್ನೆ ಕೂತಿರಿ. ನಿಮಗೇನೋ ಆಯ್ತು ಅಂತ ಅಣ್ಣಂಗೆ ಹೇಳ್ತೀವಿ. ಸ್ವಲ್ಪ ಹೊತ್ತಷ್ಟೇ. ಆಮೇಲೆ ನೀವೇ ಎದ್ದು ಬಂದ್ಬಿಡಿ."

ಇಂಥ ಮಾತಾಡಿದವನನ್ನು ಯಾವ ಹೆಂಗಸಾದರೂ ಪೊರಕೆ ಹಿಡಿದು ಓಡಿಸಬೇಕು. ಅತ್ತಿಗೆ ಬಾಯಿಯ ಗುಂಡುಸೂಜಿ ತೆಗೆದು, "ದೀಪ ಎಷ್ಟು ಹತ್ತುತ್ತೆ?" ಎಂದು ಕೇಳಿದಳು.

"ಪೂರ್ತಿ ಹತ್ತುತ್ತೆ. ಕಣ್ಣು ಕುಕ್ಕೋ ಹಾಗೆ."

"ಸರಿ ಹಾಗಾದ್ರೆ."

ಮರುದಿನ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಚೆನ್ನಾಗಿ ಬಾಚಿಕೊಂಡು ಬಂದಳು. ಬೆಳಕು ಬಿದ್ದಾಗ ಕಾಣಬೇಕಲ್ಲ. ಯಾರಿಗೂ ಗೊತ್ತಾಗದಂತೆ ಕೊನೆಯ ಸಾಲಿನಲ್ಲಿ ಕೂತಳು. ಒಬ್ಬಳು ಹೆಂಡತಿ ಇಷ್ಟು ವರ್ಷ ಬಾಯಿಬಿಟ್ಟು ಕೇಳದೆ ಇದ್ದದ್ದಕ್ಕೆ ಇವತ್ತು ಉತ್ತರ ಸಿಗುತ್ತದೆ, ಅದೂ ಎಲ್ಲರ ಎದುರಿಗೆ. ಅವಳ ಎದೆಗೇ ಪಟ್ಟಿ ಕಟ್ಟಿದ್ದರೆ ಆ ಗೋದಾಮು ಆಗಲೇ ಹಗಲಾಗುತ್ತಿತ್ತು.

ನಲ್ಲಿಯಣ್ಣ ಎದೆಗೆ ಪಟ್ಟಿ ಕಟ್ಟಿಕೊಂಡು ತಾಲೀಮಿಗೆ ಕೂತಿದ್ದಾಗ ರಂಗಸಜ್ಜಿಕೆಯ ಬಡಗಿ ಓಡಿಬಂದ. ಮೊದಲೇ ಹೇಳಿಕೊಟ್ಟಿದ್ದಂತೆ ಏದುಸಿರು ಬಿಡುತ್ತಾ, "ಅಣ್ಣ, ಅತ್ತಿಗೆ ಮೆಟ್ಟಿಲಿಂದ ಬಿದ್ಬಿಟ್ರು. ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಗೆ ತಗೊಂಡ್ಹೋಗಿದಾರೆ, ಪ್ರಜ್ಞೆ ಇಲ್ಲ" ಅಂದ. ನಲ್ಲಿಯಣ್ಣ ಎದ್ದು ನಿಂತ. ತುಟಿ ಅದುರಿತು. ಕೈ ಕುರ್ಚಿಯ ಬೆನ್ನನ್ನು ಹುಡುಕಿತು, ಸಿಗಲಿಲ್ಲ, ಹಾಗೇ ಮೊಣಕಾಲೂರಿ ಕುಸಿದ. ಅವಳ ಹೆಸರು ಹಿಡಿದು ಕೂಗಿದ. ಮನೆಯಲ್ಲಿ ಎಂದೂ ಹಿಡಿಯದ ಹೆಸರು. ಸುಳ್ಳು ಹೇಳಿದ ಬಡಗಿಯೇ ತೋಳಿನಿಂದ ಕಣ್ಣೊರೆಸಿಕೊಂಡ. ಅತ್ತಿಗೆಯ ಕಣ್ಣಲ್ಲೂ ನೀರು ತುಂಬಿತು, ಈ ಸಲ ಕರವಸ್ತ್ರದ ಲೆಕ್ಕವಿಲ್ಲದೆ. ಕಣ್ಣೊರೆಸಿಕೊಂಡು ದೀಪದ ಕಡೆ ನೋಡಿದಳು.

ದೀಪ ಕೆಂಪಗೆ ಕೂತಿತ್ತು.

"ಕನೆಕ್ಷನ್ ಸರಿ ಇದೆಯೇನ್ರೀ?" ಎಂದು ನಿರ್ದೇಶಕ ಕೇಳಿದ.

ಇಂಜಿನಿಯರಮ್ಮ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಸರಿ ಇದೆ ಸರ್. ಇಷ್ಟೇ ಬರ್ತಿರೋದು" ಅಂದಳು.

ನಿರ್ದೇಶಕನಿಗೆ ರೇಗಿತು. "ಬಿಡಿ ಅಣ್ಣ, ನೀವು ಆಸ್ಪತ್ರೆಗೆ ಹೋಗಿ. ಈ ಪಾತ್ರ ಬೇರೆಯವರ ಹತ್ರ ಮಾಡಿಸ್ತೀನಿ."

ಗೋದಾಮಿನ ಅಷ್ಟೂ ದೀಪಗಳು ಧಗ್ಗೆಂದು ಹತ್ತಿದವು. ಗೋಡೆಯ ಬಿರುಕು, ಜಂತಿಯ ಜೇಡರ ಬಲೆ, ಎಲ್ಲರ ಬಾಯೊಳಗಿನ ಹಲ್ಲು ಕೂಡ ಕಂಡವು. ನಲ್ಲಿಯಣ್ಣನ ಅಳು ನಿಂತಿತ್ತು. "ಯಾರ ಹತ್ರ?" ಎಂದು ಅವನು ಕೇಳಿದ. "ಯಾರ ಹತ್ರ ಮಾಡಿಸ್ತೀರಿ?"

ಆ ಬೆಳಕಿನಲ್ಲಿ ಕೊನೆಯ ಸಾಲಿನಲ್ಲಿ ಕೂತವಳು ಚೆನ್ನಾಗಿಯೇ ಕಾಣುತ್ತಿದ್ದಳು. ಒಳ್ಳೆಯ ಬಟ್ಟೆ, ಬಾಚಿದ ತಲೆ. ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆಂದು ತಿಳಿದು ಅವನೂ ತಿರುಗಿ ನೋಡಿದ. ದೀಪ ಮೆಲ್ಲಗೆ ಇಳಿದು ಮತ್ತೆ ಕೆಂಪಗಾಯಿತು. "ಓ, ನೀನಿಲ್ಲೇ ಇದೀಯಾ" ಅಂದ. ಬಡಗಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದ. ಯಾರೋ ಒಬ್ಬ ನಟಿ ಅತ್ತಿಗೆಗೆ ನೀರು ತಂದುಕೊಟ್ಟಳು. ಅವಳು ಕುಡಿದು ಲೋಟ ತೊಳೆದಿಟ್ಟು ಹೊಲಿಗೆ ಕೋಣೆಗೆ ಹೋದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಅವನು, "ಅದು ಡಬ್ಬಾ ಮಿಷನ್ನು ಕಣೇ" ಅಂದ. "ಇರಬಹುದು" ಎಂದು ಬಡಿಸಿದಳು. ಅವನು ಎರಡನೇ ಸಲ ಬಡಿಸಿಕೊಂಡು ಹೊಟ್ಟೆ ತುಂಬ ಉಂಡ. ಅವನು ತಲೆ ತಗ್ಗಿಸಿದ್ದರೆ, ಒಂದು ತುತ್ತು ಬಿಟ್ಟಿದ್ದರೆ ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ಅವಳಿಗೆ ಅಭ್ಯಾಸವಿತ್ತು. ಅವನು ತೇಗಿ, ಕೈ ತೊಳೆದು, ಮಲಗಿದ. ಆ ತೇಗು ಅವಳ ಮನಸ್ಸಿನಿಂದ ಹೋಗಲಿಲ್ಲ.

ಪಾತ್ರ ಕಿತ್ತುಕೊಳ್ಳುತ್ತೇನೆಂಬ ಬೆದರಿಕೆ ಕೆಲವು ದಿನ ನಡೆಯಿತು. ಆದರೆ ಕಿತ್ತುಕೊಳ್ಳುವುದಿಲ್ಲ ಎಂದು ನಲ್ಲಿಯಣ್ಣನಿಗೆ ಗೊತ್ತಾಗುತ್ತಾ ಹೋದಂತೆ ದೀಪ ಇಳಿಯಿತು. ನಿರ್ದೇಶಕ ಮತ್ತೆ ಹೊಲಿಗೆ ಕೋಣೆಯ ಬಾಗಿಲಿಗೆ ಬಂದ. ಅವನ ಮುಖದಲ್ಲಿ ಸಂಕೋಚವೇನೂ ಇರಲಿಲ್ಲ. ಇಂಥವರು ಕಲೆ ಎಂಬ ಹೆಸರಿನಲ್ಲಿ ಏನನ್ನು ಬೇಕಾದರೂ ಕೇಳಬಲ್ಲರು.

"ಅಣ್ಣನ ಕಿವೀಲಿ ಸ್ಪೀಕರ್ ಇದ್ದೇ ಇದೆ ಅತ್ತಿಗೆ. ಎಲ್ಲಿ ಮುಟ್ಟಿದ್ರೆ ಚುರ್ ಅನ್ನುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವು ಅವರ ಕಿವೀಲಿ ಮಾತಾಡ್ಬೇಕು."

"ಅವರು ಒಪ್ಪಬೇಕಲ್ಲ."

ಅವನನ್ನು ಕೇಳಿದರು. "ಮಾತಾಡ್ಲಿ ಬಿಡಿ, ಇವಳೇನು ಮಹಾ ಹೇಳಿಯಾಳು" ಎಂದು ನಕ್ಕ. ಪಾತ್ರ ಉಳಿಯುವುದಾದರೆ ಅವನು ಬೆಂಕಿಗೂ ಒಪ್ಪುತ್ತಿದ್ದ.

ರಂಗದ ಪಕ್ಕದಲ್ಲಿ ಕಪ್ಪು ಬಟ್ಟೆ ಕಟ್ಟಿ ಪುಟ್ಟ ಮರೆ ಮಾಡಿದರು. ಒಂದು ಸ್ಟೂಲು, ಒಂದು ಮೈಕು. ಬಟ್ಟೆಯಲ್ಲಿ ಕತ್ತರಿಸಿದ ಸಂದಿಯಿಂದ ಅವನು ಕಾಣುತ್ತಿದ್ದ. ಮೊದಲ ದಿನ ಅತ್ತಿಗೆ, ಸ್ನಾನಕ್ಕೆ ನೀರು ಕಾದಿದೆ ಎಂದು ಹೇಳುವ ಅದೇ ದನಿಯಲ್ಲಿ ಶುರುಮಾಡಿದಳು. "ರೀ, ಹೋದ ಸಲದ ನಾಟಕದಲ್ಲಿ ನೀವು ಅಳೋವಾಗ ನನ್ನ ಪಕ್ಕದ ಹೆಂಗಸು ಆಕಳಿಸಿದ್ಲು." ದೀಪ ಕೊಂಚ ಏರಿತು. "ಈ ಮುದುಕ ಇನ್ನೂ ಎಷ್ಟು ಹೊತ್ತು ಅಳ್ತಾನೆ ಅಂತ ಗಂಡನ್ನ ಕೇಳಿದ್ಲು." ದೀಪ ಇನ್ನೂ ಏರಿತು. ಕತ್ತಲೆಯಿಂದ ನಿರ್ದೇಶಕ ಹೆಬ್ಬೆರಳು ಎತ್ತಿ ತೋರಿಸಿದ. ಅವಳಿಗೆ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಬಹಳ ಖುಷಿಯಾಯಿತು.

ಆ ಕೆಲಸದ ಮರ್ಮ ಅವಳಿಗೆ ಬೇಗ ಹತ್ತಿತು. ಕಟ್ಟುಕತೆ ನಡೆಯುವುದಿಲ್ಲ, ಅವನಿಗೆ ವಾಸನೆ ಬರುತ್ತದೆ. ಹಳೆಯದು ಎರಡನೇ ಸಲ ಕೆಲಸ ಮಾಡುವುದಿಲ್ಲ. ತನ್ನ ಬಗ್ಗೆ ಹೇಳಿಕೊಂಡರೆ ಏನೂ ಆಗುವುದಿಲ್ಲ; ಹೋದ ಮಗುವಿನ ಮಾತನ್ನು ಒಂದು ದಿನ ಎತ್ತಿ ನೋಡಿದಳು, ದೀಪ ತಣ್ಣಗಿತ್ತು. ಆ ದಿನದ ನಂತರ ಅವಳು ಕೈ ತಡೆಯಲಿಲ್ಲ. ಅವನ ನಟನೆಯ ಬಗ್ಗೆ ಜನ ಹೊರಗೆ ಹೋಗುವಾಗ ಆಡಿದ್ದನ್ನೆಲ್ಲ ಇಷ್ಟು ವರ್ಷ ಕಿವಿಗೆ ಬಿದ್ದರೂ ಮನೆಗೆ ತಂದಿರಲಿಲ್ಲ. ಈಗ ಒಂದೊಂದನ್ನೇ ಹೊರಗೆ ತೆಗೆದಳು. ಯಾವ ನಟಿ ಇವನ ಜೊತೆ ಪಾತ್ರ ಬೇಡ ಎಂದಳು, ಯಾವ ಬಹುಮಾನಕ್ಕೆ ಇವನ ಹೆಸರು ಬಂದಾಗ ಯಾರು ನಕ್ಕರು, ನಲ್ಲಿ ಎಂಬ ಹೆಸರು ಯಾರು ಇಟ್ಟರು. ಗಾಯ ಒಣಗುವ ಮೊದಲೇ ಉಪ್ಪು. ಅವನು ಮನೆಯಲ್ಲಿ ಉಣ್ಣುವುದು ಕಮ್ಮಿಯಾಯಿತು. ಅವಳು ಅದನ್ನು ಗಮನಿಸಿದಳು, ಮತ್ತೆ ಬಡಿಸಲೇ ಎಂದು ಪ್ರತಿ ದಿನ ಕೇಳಿದಳು.

ಒಂದು ದಿನ ಇಂಜಿನಿಯರಮ್ಮ ಕಪ್ಪು ಬಟ್ಟೆ ಸರಿಸಿ, "ಅತ್ತಿಗೆ, ಇವತ್ತಿಗೆ ಸಾಕು ಅನ್ಸುತ್ತೆ. ಅವರ ಬಡಿತ ಬಹಳ ಏರ್ತಿದೆ" ಅಂದಳು.

"ಬೆಳಕು ಸಾಲಲ್ವೇನಮ್ಮ?"

"ಬೆಳಕು ಬೇಕಾದಷ್ಟಿದೆ."

"ಮತ್ತೆ? ಅದಕ್ಕೇ ತಾನೆ ನನ್ನನ್ನ ಕೂರಿಸಿರೋದು" ಎಂದು ಅತ್ತಿಗೆ ಮೈಕಿನ ಕಡೆ ತಿರುಗಿದಳು. ನಿರ್ದೇಶಕ ಅವಳನ್ನು ಕಲಾವಿದೆ ಎಂದು ಕರೆದಿದ್ದ. ಜೀವಮಾನದಲ್ಲಿ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮೊದಲ ಆಟದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮಧ್ಯದ ಸಾಲಿನಲ್ಲಿ ಅವಳ ಜಾಗದಲ್ಲಿ ಯಾರೋ ದಪ್ಪ ಮನುಷ್ಯ ಕೂತಿದ್ದ. ರಂಗದ ಮೇಲೆ ಬಡಗಿ ಮಾಡಿದ ಮರದ ಹೆಣಕ್ಕೆ ಬಿಳಿ ಬಟ್ಟೆ ಹೊದಿಸಿ ಪಕ್ಕದಲ್ಲಿ ನಲ್ಲಿಯಣ್ಣ ಕೂತ. ಅಳು ಶುರುಮಾಡಿದ. ದೀಪ ಕೆಂಪಗಿತ್ತು. ಜನ ಕತ್ತಲೆಯಲ್ಲಿ ಕುರ್ಚಿ ಕಿರುಗುಟ್ಟಿಸಿದರು, ಯಾರೂ ಮೂಗೆಳೆಯಲಿಲ್ಲ. ಅತ್ತಿಗೆ ಮೈಕು ಹಾಕಿದಳು.

"ರೀ, ಇವತ್ತು ಯಾರೂ ಅಳ್ತಿಲ್ಲ ನೋಡಿದ್ರಾ? ನಾನು ಅಲ್ಲಿ ಇಲ್ವಲ್ಲ. ಇಷ್ಟು ದಿನ ಜನ ಅತ್ತಿದ್ದು ನಿಮ್ಮನ್ನ ನೋಡಿ ಅಲ್ಲ ರೀ, ನನ್ನನ್ನ ನೋಡಿ. ಹಳೇ ಮಾಲೀಕರೇ ನನ್ನನ್ನ ಮಧ್ಯದ ಸಾಲಲ್ಲಿ ಕೂರಿಸಿದ್ದು, ಇವನ ಕೈಲಿ ಆಗಲ್ಲ ಅಂತ. ಒಂದು ಆಟಾನೂ ನೀವು ಅಳಿಸಿಲ್ಲ. ಒಂದೂ ಇಲ್ಲ."

ಅದರಲ್ಲಿ ಒಂದು ಸುಳ್ಳೂ ಸೇರಿತ್ತು. ಮಾಲೀಕ ಹಾಗೆ ಅಂದಿರಲಿಲ್ಲ. ಆದರೆ ಈ ಒಂದು ಸಲ ಅವನಿಗೆ ವಾಸನೆ ಬರಲಿಲ್ಲ. ಬೆಳಕು ಸುಣ್ಣ ಬಳಿದಂತೆ ರಂಗವನ್ನೆಲ್ಲ ತುಂಬಿತು, ಮುಂದಿನ ಸಾಲಿನವರು ಕಣ್ಣಿಗೆ ಕೈ ಅಡ್ಡ ಹಿಡಿದರು. ನಲ್ಲಿಯಣ್ಣ ಮಾತು ಮರೆತು, ಬಾಯಿ ಅರೆತೆರೆದು ಮಧ್ಯದ ಸಾಲಿನಲ್ಲಿ ಅವಳನ್ನು ಹುಡುಕುತ್ತಿದ್ದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಜನ ಉಸಿರು ಹಿಡಿದು ಕೂತರು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಂಥ ನಟನೆಯನ್ನು ಈಚೆಗೆ ಕಂಡಿಲ್ಲ ಎಂದು ಪತ್ರಿಕೆಯವರು ಬರೆದರು.

ಮನೆಗೆ ಬಂದು ಅವನು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತ. "ಇವಳೇ, ಅದು ನಿಜಾನಾ?"

ಅವಳು ಹಾಸಿಗೆ ಕೊಡವುತ್ತಿದ್ದಳು. "ನಾಳೆನೂ ಆಟ ಇದೆ. ನಾಳೆ ಹೇಳ್ತೀನಿ."

ನಾಳೆ ಇನ್ನೊಂದಿಷ್ಟು ಹೇಳಿದಳು, ನಾಡಿದ್ದು ಇನ್ನೊಂದಿಷ್ಟು. ಆಟಗಳು ಮುಂದುವರಿದವು, ಜನ ಬರುತ್ತಲೇ ಇದ್ದರು. ಅವನು ಸೊರಗಿದ, ಅಂಗಿಯನ್ನು ಅವಳೇ ಎರಡು ಸಲ ಬಿಗಿಮಾಡಿ ಹೊಲಿದಳು. ಡಾಕ್ಟರಿಗೆ ತೋರಿಸಿ ಎಂದು ಇಂಜಿನಿಯರಮ್ಮ ಹೇಳಿದ್ದಕ್ಕೆ, ಆಟಗಳು ಮುಗಿಯಲಿ ಎಂದು ನಿರ್ದೇಶಕ ಹೇಳಿದ. ಪಾತ್ರ ಬಿಟ್ಟುಬಿಡುತ್ತೇನೆ ಎಂದು ನಲ್ಲಿಯಣ್ಣನ ಬಾಯಿಂದ ಮಾತ್ರ ಬರಲಿಲ್ಲ.

ಒಂದು ಸಂಜೆ ಪರದೆ ಏಳುವ ಮೊದಲು ಅವನು ಕಪ್ಪು ಬಟ್ಟೆ ಸರಿಸಿ ಒಳಗೆ ಬಂದ. ಬಣ್ಣದ ಅಡಿಯಲ್ಲೂ ಮುಖ ಬಿಳಿಚಿತ್ತು. "ಇವಳೇ, ಇವತ್ತೊಂದಿನ ಏನೂ ಹೇಳ್ಬೇಡ. ನಿನ್ನ ದಮ್ಮಯ್ಯ ಅಂತೀನಿ."

"ಹೇಳಲ್ಲ ಬಿಡಿ."

"ಆಣೆ ಮಾಡು."

"ಆಣೆಗೂ ಹೇಳಲ್ಲ. ಹೋಗಿ, ಹೊತ್ತಾಯ್ತು" ಎಂದು ಅವನ ಅಂಗಿಯ ಕಾಲರು ಸರಿಮಾಡಿ ಕಳಿಸಿದಳು.

ಅವಳು ಕೊಟ್ಟ ಮಾತು ಉಳಿಸಿಕೊಂಡಳು. ಮೈಕು ಹಾಕಿ ಸುಮ್ಮನೆ ಕೂತು ಉಸಿರಾಡಿದಳು, ಅಷ್ಟೇ. ಅವಳ ಉಸಿರು ಕಿವಿಗೆ ಬಿದ್ದ ಕೂಡಲೇ ದೀಪ ಏರಿತು. ಏನೋ ಹೇಳಲು ಹೊರಟವಳ ಹಾಗೆ ಉಸಿರು ಒಳಗೆಳೆದುಕೊಂಡು ತಡೆದಳು, ದೀಪ ಎಂದೂ ಏರದಷ್ಟು ಏರಿತು. ಅವನು ಮರದ ಹೆಣವನ್ನು ಬಿಟ್ಟು, ಜನರನ್ನು ಬಿಟ್ಟು, ಕಪ್ಪು ಬಟ್ಟೆಯ ಸಂದಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅವಳು ಸತ್ತಳು ಎಂದುಕೊಂಡಾಗಲೆಲ್ಲ ಮಿಸುಕದೆ ಇದ್ದ ಎದೆ, ಈಗ ಅವಳು ಬದುಕಿ ಅಲ್ಲಿ ಕೂತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಹೊಡೆದುಕೊಳ್ಳುತ್ತಿತ್ತು. ಅತ್ತಿಗೆ ಆ ಬೆಳಕನ್ನು ಕಣ್ತುಂಬ ನೋಡಿದಳು. ಆಮೇಲೆ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.